ವಾರ್ಸಾದಲ್ಲಿ ತೆರೆದ ಅಮಲನ ಕಿಟಕಿ

(ಶಾಲಾ ಶತಮಾನೋತ್ಸವದ ಸಂಜೆ ವಿದ್ಯಾರ್ಥಿಗಳು ‘ಅಂಚೆಮನೆ’ ನಾಟಕವನ್ನು ಆಡುವುದಕ್ಕೆ ಮುನ್ನ ನಾಟಕ ಸಮಿತಿಯ ಪರವಾಗಿ ಮಾಡಿದ ಭಾಷಣ)



ಇನ್ನು ಸ್ವಲ್ಪ ಹೊತ್ತಿನಲ್ಲಿ ನಮ್ಮ ಮಕ್ಕಳು ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವನ್ನು ಕನ್ನಡದಲ್ಲಿ ಆಡಿ ತೋರಿಸಲಿದ್ದಾರೆ. ಅದಕ್ಕೆ ಮೊದಲು ನಾಲ್ಕು ಮಾತು ಹೇಳುವ ಹೊಣೆಯನ್ನು ನಾಟಕ ಸಮಿತಿ ನಮಗೆ ವಹಿಸಿದೆ. ಇದು ಕೇವಲ ಪೀಠಿಕೆಯಲ್ಲ, ಒಂದು ಆಕ್ಷೇಪಕ್ಕೆ ನಾವು ಕೊಡಬೇಕಾಗಿರುವ ಉತ್ತರವೂ ಹೌದು.

ಶತಮಾನೋತ್ಸವಕ್ಕೆ ಈ ನಾಟಕವನ್ನು ಆರಿಸಿಕೊಂಡಾಗ ಹಿರಿಯರೊಬ್ಬರು ನಮ್ಮನ್ನು ಕೇಳಿದರು: ‘ನೂರು ವರ್ಷ ತುಂಬಿದ ಸಂಭ್ರಮದ ದಿನ, ಕಾಯಿಲೆಯಿಂದ ನರಳುವ ಹುಡುಗನ ನಾಟಕವೇ? ಒಂದು ಪೌರಾಣಿಕ ಯಕ್ಷಗಾನ ಪ್ರಸಂಗವನ್ನು ಆಡಿಸಬಾರದೇ?’ ಆ ಮಾತಿನಲ್ಲಿ ಕಾಳಜಿಯಿತ್ತು. ಕುಂಬಳೆಯ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದ ನಮಗೆ ಆಟವೆಂದರೆ ಚೆಂಡೆ, ಕಿರೀಟ, ಕೊನೆಗೆ ಮಂಗಳ. ಅದೇ ವಾರ ಅಭ್ಯಾಸದ ನಡುವೆ, ಅಮಲನ ಪಾತ್ರ ವಹಿಸಿದ ಹುಡುಗನೂ ನಮ್ಮನ್ನು ಕೇಳಿದ: ‘ಕೊನೆಗೆ ಅಮಲ ಸಾಯುತ್ತಾನೋ, ನಿದ್ದೆ ಹೋಗುತ್ತಾನೋ? ನಾನು ಹೇಗೆಂದು ಆಡಲಿ?’ ಹಿರಿಯರ ಪ್ರಶ್ನೆಗೂ ಹುಡುಗನ ಪ್ರಶ್ನೆಗೂ ಒಂದೇ ಉತ್ತರವನ್ನು ಹುಡುಕುತ್ತ ಹೊರಟ ನಾವು ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ವಾರ್ಸಾ ನಗರವನ್ನು ತಲುಪಿದೆವು. ಅಲ್ಲಿ ಕಂಡದ್ದನ್ನು ತಮ್ಮ ಮುಂದಿಡುತ್ತೇವೆ.

ಮೊದಲು ನಾಟಕದ ಮಾತು. ಠಾಕೂರರು ಇದನ್ನು ಬರೆದದ್ದು 1911ರಲ್ಲಿ. ಅಮಲ ತಂದೆತಾಯಿಯಿಲ್ಲದ ಹುಡುಗ. ಮಾಧವದತ್ತನೆಂಬ ಗೃಹಸ್ಥ ಅವನನ್ನು ಸಾಕಿಕೊಂಡಿದ್ದಾನೆ. ಹುಡುಗನಿಗೆ ಕಾಯಿಲೆ. ಶರತ್ಕಾಲದ ಗಾಳಿಯೂ ಬಿಸಿಲೂ ತಾಗಕೂಡದು, ಮನೆಯಿಂದ ಹೊರಗೆ ಕಾಲಿಡಕೂಡದು ಎಂದು ವೈದ್ಯರ ಅಪ್ಪಣೆ. ಅಮಲನಿಗೆ ಉಳಿದದ್ದು ಒಂದು ಕಿಟಕಿ ಮಾತ್ರ. ಆ ಕಿಟಕಿಯಲ್ಲಿ ಕುಳಿತು ಅವನು ಮೊಸರು ಮಾರುವವನನ್ನೂ ಕಾವಲುಗಾರನನ್ನೂ ಹೂ ಕೊಯ್ಯಲು ಹೊರಟ ಸುಧೆಯನ್ನೂ ಆಡಲು ಹೊರಟ ಹುಡುಗರನ್ನೂ ಮಾತನಾಡಿಸುತ್ತಾನೆ. ಎದುರಿಗೇ ರಾಜನ ಹೊಸ ಅಂಚೆಮನೆ ಬಂದಿದೆ. ತನಗೂ ಒಂದು ದಿನ ರಾಜನಿಂದ ಓಲೆ ಬರುತ್ತದೆಂದು ಹುಡುಗ ನಂಬುತ್ತಾನೆ. ಊರಿನ ಮುಖಂಡ ಬರಿಯ ಕಾಗದವೊಂದನ್ನು ಕೊಟ್ಟು ಇದೇ ರಾಜನ ಓಲೆಯೆಂದು ಹಾಸ್ಯ ಮಾಡುತ್ತಾನೆ. ಆ ಹಾಸ್ಯವೇ ನಿಜವಾಗುತ್ತದೆ. ರಾಜವೈದ್ಯ ಬಂದು ಮುಚ್ಚಿದ ಬಾಗಿಲು ಕಿಟಕಿಗಳನ್ನೆಲ್ಲ ತೆರೆಸುತ್ತಾನೆ. ನಕ್ಷತ್ರದ ಬೆಳಕು ಒಳಗೆ ಬರುತ್ತದೆ. ಅಮಲ ಮಲಗುತ್ತಾನೆ. ಹೂ ತಂದ ಸುಧೆ, ತಾನು ಅವನನ್ನು ಮರೆತಿಲ್ಲವೆಂಬ ಸುದ್ದಿಯನ್ನು ಅವನ ಕಿವಿಗೆ ಮುಟ್ಟಿಸಬೇಕೆಂದು ಕೇಳಿಕೊಳ್ಳುತ್ತಾಳೆ. ಅಲ್ಲಿಗೆ ತೆರೆ ಬೀಳುತ್ತದೆ.

ಈ ಸಣ್ಣ ನಾಟಕ ದೂರ ಪ್ರಯಾಣ ಮಾಡಿತು. 1913ರಲ್ಲಿ ಡಬ್ಲಿನ್ನಿನ ಅಬೆ ರಂಗಮಂದಿರದಲ್ಲಿಯೂ ಲಂಡನ್ನಿನಲ್ಲಿಯೂ ಇಂಗ್ಲಿಷಿನಲ್ಲಿ ಪ್ರದರ್ಶನಗೊಂಡಿತು. ಆಂದ್ರೆ ಜೀದ್ ಎಂಬ ದೊಡ್ಡ ಲೇಖಕ ಇದನ್ನು ಫ್ರೆಂಚ್ ಭಾಷೆಗೆ ತಂದನು. ಠಾಕೂರರು 1941ರ ಆಗಸ್ಟ್ 7ರಂದು ತೀರಿಕೊಂಡರು. ಅವರು ತೀರಿಕೊಂಡು ವರ್ಷ ತುಂಬುವ ಮೊದಲೇ, 1942ರ ಜುಲೈ 18ರಂದು, ಈ ನಾಟಕ ವಾರ್ಸಾದ ಯಹೂದಿ ಗೆಟ್ಟೋದೊಳಗಿನ ಒಂದು ಅನಾಥಾಲಯದಲ್ಲಿ ಪೋಲಿಷ್ ಭಾಷೆಯಲ್ಲಿ ಆಡಲ್ಪಟ್ಟಿತು. ಆಡಿದವರು ಆ ಅನಾಥಾಲಯದ ಮಕ್ಕಳು. ಆಡಿಸಿದವರು ಡಾಕ್ಟರ್ ಯಾನುಷ್ ಕೋರ್ಚಾಕ್.

ಕೋರ್ಚಾಕ್ ಎಂಬುದು ಅವರ ಕಾವ್ಯನಾಮ. ಹುಟ್ಟುಹೆಸರು ಹೆನ್ರಿಕ್ ಗೋಲ್ಡ್‌ಶ್ಮಿಟ್. ಅವರು ಮಕ್ಕಳ ವೈದ್ಯರು. ‘ಮೊದಲನೆಯ ಮಾತ್ಯೂಶ್ ರಾಜ’ ಎಂಬ, ಬಾಲಕನೊಬ್ಬ ರಾಜ್ಯವಾಳುವ ಕಥೆಯನ್ನು 1923ರಲ್ಲಿ ಪ್ರಕಟಿಸಿ ಪೋಲೆಂಡಿನ ಮನೆಮಾತಾದರು. ರೇಡಿಯೋದಲ್ಲಿ ‘ಮುದಿ ಡಾಕ್ಟರ್’ ಎಂಬ ಹೆಸರಿನಿಂದ ಮಾತನಾಡುತ್ತಿದ್ದರು. 1912ರಲ್ಲಿ ವಾರ್ಸಾದ ಕ್ರೊಖ್ಮಾಲ್ನಾ ಬೀದಿಯಲ್ಲಿ ಯಹೂದಿ ಅನಾಥ ಮಕ್ಕಳ ಮನೆಯೊಂದನ್ನು ಸ್ಟೆಫಾನಿಯಾ ವಿಲ್ಚಿನ್‌ಸ್ಕಾ ಎಂಬ ಮಹಿಳೆಯ ಜೊತೆಗೂಡಿ ನಡೆಸತೊಡಗಿದರು. ಆಸ್ಪತ್ರೆಯ ಕೆಲಸವನ್ನೂ ಅದರ ಕೀರ್ತಿಯನ್ನೂ ಬಿಟ್ಟು ಅಲ್ಲಿಯೇ ಮಕ್ಕಳ ನಡುವೆ ನೆಲಸಿದರು.

ಆ ಮನೆ ಎಂಥದೆಂಬುದನ್ನು ಶಿಕ್ಷಕರಾದ ನಾವು ಗಮನವಿಟ್ಟು ಕೇಳಬೇಕು. ಅಲ್ಲಿ ಮಕ್ಕಳದೇ ಸಂಸತ್ತಿತ್ತು, ಮಕ್ಕಳದೇ ನ್ಯಾಯಾಲಯವಿತ್ತು. ತಪ್ಪು ಮಾಡಿದವನ ವಿಚಾರಣೆಯನ್ನು ಸಹಪಾಠಿಗಳೇ ನಡೆಸುತ್ತಿದ್ದರು. ಆ ನ್ಯಾಯಸಂಹಿತೆಯ ಹೆಚ್ಚಿನ ಕಲಮುಗಳು ಕ್ಷಮೆಗೆ ಮೀಸಲಾಗಿದ್ದವು. ಹಿರಿಯರ ಮೇಲೂ ಮಕ್ಕಳು ದೂರು ಕೊಡಬಹುದಾಗಿತ್ತು. ಸ್ವತಃ ಕೋರ್ಚಾಕರೇ ಆ ನ್ಯಾಯಾಲಯದ ಮುಂದೆ ಆರೋಪಿಯಾಗಿ ನಿಂತದ್ದುಂಟು. 1926ರಲ್ಲಿ ಅವರು ಒಂದು ದೈನಿಕದ ವಾರದ ಪುರವಣಿಯಾಗಿ ಮಕ್ಕಳೇ ಬರೆಯುವ ಪತ್ರಿಕೆಯೊಂದನ್ನು ಹೊರತಂದರು. ಇವೆಲ್ಲದರ ಹಿಂದೆ ಇದ್ದ ನಂಬಿಕೆ ಒಂದೇ: ಮಗು ಮುಂದೆ ಎಂದೋ ಮನುಷ್ಯನಾಗುವ ಜೀವವಲ್ಲ, ಇಂದೇ ಮನುಷ್ಯ. ನಾಳೆಯ ಹೆಸರಿನಲ್ಲಿ ಅದರ ಇಂದನ್ನು ಕಸಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಡಿರೆಂದು ಬೇಡುತ್ತೇವೆ. ಮುಂದೆ ನಾವು ಹೇಳುವುದೆಲ್ಲವೂ ಇದರ ಮೇಲೆ ನಿಂತಿದೆ.

1939ರಲ್ಲಿ ಜರ್ಮನಿಯ ಸೈನ್ಯ ಪೋಲೆಂಡನ್ನು ಆಕ್ರಮಿಸಿತು. 1940ರ ನವೆಂಬರಿನಲ್ಲಿ ವಾರ್ಸಾದ ಯಹೂದಿಗಳನ್ನು ಗೋಡೆ ಕಟ್ಟಿ ಒಂದು ಮೂಲೆಗೆ ತಳ್ಳಿ ಬಾಗಿಲು ಮುಚ್ಚಲಾಯಿತು. ಮೂರೂವರೆ ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ 4 ಲಕ್ಷಕ್ಕಿಂತ ಹೆಚ್ಚು ಜನ. ನಮ್ಮ ಒಂದು ಸಣ್ಣ ಗ್ರಾಮದ ವಿಸ್ತಾರವೂ ಇಲ್ಲದ ನೆಲದಲ್ಲಿ ಒಂದು ನಗರದ ಜನಸಂಖ್ಯೆ. ಅವರಿಗೆ ನಿಗದಿಯಾದ ಪಡಿತರ ಒಬ್ಬ ಮನುಷ್ಯನಿಗೆ ದಿನಕ್ಕೆ 200 ಕ್ಯಾಲರಿಯನ್ನೂ ಮುಟ್ಟುತ್ತಿರಲಿಲ್ಲ. ಹಸಿವಿನಿಂದಲೂ ರೋಗದಿಂದಲೂ 1942ರ ನಡುವಿನ ಹೊತ್ತಿಗೆ ಸುಮಾರು 83,000 ಜನ ಸತ್ತರು. ಕೋರ್ಚಾಕರ ಮನೆಯೂ ಗೋಡೆಯೊಳಗೆ ಸ್ಥಳಾಂತರವಾಗಬೇಕಾಯಿತು. ಮಕ್ಕಳಿಗಾಗಿ ತಂದ ಆಲೂಗೆಡ್ಡೆಯ ಗಾಡಿಯನ್ನು ಕಸಿದುಕೊಂಡಾಗ ಅವರು ಅಧಿಕಾರಿಗಳ ಬಳಿಗೆ ಹೋಗಿ ಪ್ರತಿಭಟಿಸಿದರು, ಸೆರೆಮನೆಗೂ ಹೋದರು. ಹೊರಬಂದ ಮೇಲೆ ಅರವತ್ತು ದಾಟಿದ ಆ ಮುದುಕ ಕಾಯಿಲೆಯ ದೇಹವನ್ನು ಹೊತ್ತು, ಮನೆಯಿಂದ ಮನೆಗೆ ಅಲೆದು, ಮಕ್ಕಳಿಗಾಗಿ ಅನ್ನವನ್ನು ಬೇಡಿ ತರುತ್ತಿದ್ದರು.

ಅಂಥ ದಿನಗಳಲ್ಲಿ ಅವರು ನಾಟಕ ಆಡಿಸಲು ಹೊರಟರು. ನಿರ್ದೇಶನದ ಹೊಣೆ ಹೊತ್ತವಳು ಅಲ್ಲಿ ಕೆಲಸ ಮಾಡುತ್ತಿದ್ದ ಎಸ್ಟರ್ಕಾ ವಿನೋಗ್ರೋನ್ ಎಂಬ ತರುಣಿ. ಹೊಟ್ಟೆಗಿಲ್ಲದ ಮಕ್ಕಳು ಮಾತು ಬಾಯಿಪಾಠ ಮಾಡಿದರು. ಕೋರ್ಚಾಕರು ಆಮಂತ್ರಣ ಪತ್ರಿಕೆಯನ್ನೂ ಕಳುಹಿಸಿದರು. ಕೊಡಲಾಗದ್ದನ್ನು ಕೊಡುತ್ತೇವೆಂದು ಹೇಳುವ ಅಭ್ಯಾಸ ತಮಗಿಲ್ಲವೆಂದೂ, ಕವಿಯೂ ದಾರ್ಶನಿಕನೂ ಆದವನ ಕಥೆಯ ಒಂದು ಗಂಟೆಯ ಆಟ ಮಾತ್ರ ತಮ್ಮಲ್ಲಿದೆಯೆಂದೂ ಆ ಪತ್ರಿಕೆಯ ಭಾವ. ಒಂದು ಗಂಟೆ! ಊಟವಲ್ಲ, ಬಿಡುಗಡೆಯಲ್ಲ, ಒಂದು ಗಂಟೆ. ಆ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ.

ಈಗ ಯೋಚಿಸಿ ನೋಡಿ. ಕೋಣೆಯೊಳಗೆ ಕೂಡಿಹಾಕಲ್ಪಟ್ಟ ಹುಡುಗನ ಪಾತ್ರವನ್ನು ಗೋಡೆಯೊಳಗೆ ಕೂಡಿಹಾಕಲ್ಪಟ್ಟ ಹುಡುಗ ಆಡುತ್ತಿದ್ದಾನೆ. ಬೆಟ್ಟದ ತಪ್ಪಲಿನ ಹಳ್ಳಿಯಿಂದ ಮೊಸರು ಹೊತ್ತು ತರುವವನ ಕಥೆಯನ್ನು ಮೊಸರನ್ನು ಮರೆತೇಹೋದ ಮಕ್ಕಳು ಕೇಳುತ್ತಿದ್ದಾರೆ. ಹೂ ಕೊಯ್ಯಲು ಹೊರಟವಳ ಮಾತನ್ನು ಮರವಿಲ್ಲದ ಬೀದಿಗಳ ನಡುವೆ ಆಡಲಾಗುತ್ತಿದೆ. ಠಾಕೂರರು ಅವರಿಗಾಗಿ ಬರೆದಿರಲಿಲ್ಲ. ಆದರೂ ಆ ನಾಟಕ ಅವರದೇ ಆಯಿತು. ಬಂಗಾಳದ ಕವಿಯೊಬ್ಬ ಹಾಕಿದ ಓಲೆ ಮೂವತ್ತು ವರ್ಷಗಳ ಮೇಲೆ ಸರಿಯಾದ ವಿಳಾಸಕ್ಕೆ ತಲುಪಿತೆಂದೇ ಹೇಳಬೇಕು.

ಇದಾದ ನಾಲ್ಕನೆಯ ದಿನ, ಜುಲೈ 22ರಂದು, ವಾರ್ಸಾ ಗೆಟ್ಟೋದ ಜನರನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾಕ್ಕೆ ಸಾಗಿಸುವ ಕೆಲಸ ಆರಂಭವಾಯಿತು. ಟ್ರೆಬ್ಲಿಂಕಾ ದುಡಿಸುವ ಶಿಬಿರವಲ್ಲ, ಕೊಲ್ಲುವ ಶಿಬಿರ. ಎರಡು ತಿಂಗಳಲ್ಲಿ ಸುಮಾರು 2,65,000 ಜನರನ್ನು ಅಲ್ಲಿಗೆ ಒಯ್ದರು. ಅನಾಥ ಮಕ್ಕಳನ್ನಾದರೂ ಉಳಿಸಿಕೊಳ್ಳಲಾರದೆ ಯಹೂದಿ ಮಂಡಳಿಯ ಅಧ್ಯಕ್ಷ ಆಡಮ್ ಚೆರ್ನ್ಯಾಕೋಫ್ ಜುಲೈ 23ರಂದು ಪ್ರಾಣ ಕಳೆದುಕೊಂಡರು. ನಾಟಕ ಆಡಿಸಿದ ಎಸ್ಟರ್ಕಾ ಬೀದಿಯ ದಾಳಿಯಲ್ಲಿ ಸಿಕ್ಕಿಬಿದ್ದಳು. ಅವಳನ್ನು ಬಿಡಿಸಲು ಕೋರ್ಚಾಕರಿಂದ ಆಗಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಅನಾಥಾಲಯದ ಸರದಿ ಬಂತು. ಸುಮಾರು 200 ಮಕ್ಕಳು, ಸ್ಟೆಫಾನಿಯಾ, ಇತರ ಶಿಕ್ಷಕರು, ಕೋರ್ಚಾಕರು ಸಾಲಾಗಿ ಬೀದಿಗಳ ಮೂಲಕ ರೈಲಿನ ಕಡೆಗೆ ನಡೆದರು. ಆ ನಡಿಗೆಯನ್ನು ಕಂಡವರು ಹೇಳಿದ ವಿವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮಕ್ಕಳ ಕೈಯಲ್ಲಿ ಬಾವುಟವಿತ್ತೆಂದು ಕೆಲವರು, ಹಾಡಿದರೆಂದು ಕೆಲವರು. ನಾವು ಅದನ್ನು ಸಿಂಗರಿಸಿ ಹೇಳುವುದಿಲ್ಲ. ಎಲ್ಲರೂ ಒಪ್ಪುವ ಮಾತು ಒಂದಿದೆ. ಗೋಡೆಯ ಹೊರಗೆ ಅಡಗಿಸಿಡುತ್ತೇವೆಂದು ಪೋಲಿಷ್ ಸ್ನೇಹಿತರು ಮುಂದೆ ಬಂದಿದ್ದರು. ಕೋರ್ಚಾಕರು ಮಕ್ಕಳನ್ನು ಬಿಟ್ಟು ಬರಲೊಪ್ಪಲಿಲ್ಲ. ಅವರಲ್ಲಿ ಯಾರೂ ಮರಳಲಿಲ್ಲ.

ಹೀಗಿರುವಾಗ, ಕಲೆ ಏನು ಮಾಡಿತು ಎಂಬ ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳಲಾರೆವು. ಕಲೆ ಆ ಮಕ್ಕಳನ್ನು ಉಳಿಸಲಿಲ್ಲ. ನಾಟಕ ನೋಡಿ ಯಾವ ಸೈನಿಕನ ಮನಸ್ಸೂ ಕರಗಲಿಲ್ಲ. ಕಲೆಯ ಶಕ್ತಿಯನ್ನು ಕುರಿತು ಇಂಥ ವೇದಿಕೆಗಳಲ್ಲಿ ಸುಲಭವಾಗಿ ಆಡುವ ಮಾತುಗಳನ್ನು ಆಡಲು ಈ ಕಥೆ ನಮಗೆ ಅವಕಾಶ ಕೊಡುವುದಿಲ್ಲ.

ಬೊಹೇಮಿಯಾದ ಟೆರೆಜೀನ್ ಎಂಬ ಕೋಟೆಯೂರಿನಲ್ಲಿಯೂ ಇದೇ ನಡೆಯಿತು. ಅಲ್ಲಿಯ ಗೆಟ್ಟೋದಲ್ಲಿ ಹಾನ್ಸ್ ಕ್ರಾಸ ಎಂಬ ಸಂಗೀತಗಾರನ ‘ಬ್ರುಂಡಿಬಾರ್’ ಎಂಬ ಮಕ್ಕಳ ಗೀತನಾಟಕ 1943ರ ಸೆಪ್ಟೆಂಬರಿನಿಂದ 55 ಸಲ ಪ್ರದರ್ಶನಗೊಂಡಿತು. ಕಾಯಿಲೆಯ ತಾಯಿಗೆ ಹಾಲು ತರಲು ಹೊರಟ ಅಣ್ಣತಂಗಿ, ಗುಬ್ಬಿ, ಬೆಕ್ಕು, ನಾಯಿ ಹಾಗೂ ಊರಿನ ಮಕ್ಕಳೆಲ್ಲ ಸೇರಿ ದುಷ್ಟ ಬೀದಿಗಾಯಕನನ್ನು ಸೋಲಿಸುವ ಕಥೆ ಅದು. ಆಡುವ ಮಕ್ಕಳನ್ನು ರೈಲು ಒಯ್ಯುತ್ತಿತ್ತು, ಅವರ ಪಾತ್ರಕ್ಕೆ ಬೇರೆ ಮಕ್ಕಳು ಬರುತ್ತಿದ್ದರು. 1944ರ ಜೂನ್‌ನಲ್ಲಿ ಅಂತಾರಾಷ್ಟ್ರೀಯ ರೆಡ್‌ಕ್ರಾಸಿನವರು ಬಂದಾಗ ನಾಜಿಗಳು ಇದೇ ಆಟವನ್ನು ತೋರಿಸಿ, ಎಲ್ಲರೂ ಇಲ್ಲಿ ಸುಖವಾಗಿದ್ದಾರೆಂದು ನಂಬಿಸಿದರು. ಕಲೆಯನ್ನು ಸುಳ್ಳಿನ ತೆರೆಯಾಗಿಯೂ ಬಳಸಬಹುದೆಂಬ ಎಚ್ಚರ ನಮಗಿರಬೇಕು. ಅದೇ ಅಕ್ಟೋಬರಿನಲ್ಲಿ ಕ್ರಾಸನನ್ನು ಆಶ್ವಿಟ್ಸಿನಲ್ಲಿ ಕೊಂದರು. ಅದೇ ಟೆರೆಜೀನಿನಲ್ಲಿ ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಎಂಬ ಚಿತ್ರಕಲಾವಿದೆ, ತನ್ನ ಸಾಮಾನಿನಲ್ಲಿ ಕಾಗದ, ಬಣ್ಣಗಳನ್ನು ತುಂಬಿಕೊಂಡು ಹೋಗಿ, ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದಳು. ಪ್ರತಿಯೊಂದು ಚಿತ್ರದ ಮೇಲೂ ಬರೆದವರ ಹೆಸರಿರಬೇಕೆಂಬುದು ಅವಳ ನಿಯಮ. ಅವಳನ್ನೂ ಆಶ್ವಿಟ್ಸಿಗೆ ಒಯ್ದು ಕೊಂದರು. ಎರಡು ಪೆಟ್ಟಿಗೆಗಳಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಮಾತ್ರ ಉಳಿದು, ಇಂದು ಪ್ರಾಗ್ ನಗರದ ಯಹೂದಿ ಸಂಗ್ರಹಾಲಯದಲ್ಲಿವೆ. ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ, ಹೆಸರುಗಳು ಉಳಿದವು.

ಹಾಗಾದರೆ ಭರವಸೆಯೆಂದರೆ ಏನು? ನಾಳೆ ಒಳ್ಳೆಯದಾಗುತ್ತದೆಂಬ ಲೆಕ್ಕಾಚಾರವೇ ಭರವಸೆಯಾದರೆ ವಾರ್ಸಾದ ಆ ಕೋಣೆಯಲ್ಲಿ ಅದು ಇರಲಿಲ್ಲ. ಈ ನಾಟಕವನ್ನೇ ಏಕೆ ಆರಿಸಿದಿರೆಂದು ಕೇಳಿದವರಿಗೆ ಕೋರ್ಚಾಕರು, ಸಾವಿನ ದೇವತೆಯನ್ನು ಶಾಂತವಾಗಿ ಎದುರುಗೊಳ್ಳುವುದನ್ನೂ ಮನುಷ್ಯ ಕಲಿಯಬೇಕಷ್ಟೆ, ಎಂಬರ್ಥದ ಮಾತನ್ನು ಹೇಳಿದರೆಂದು ಹೇಳುತ್ತಾರೆ. ಇದನ್ನು ಓದಿ ಮೊದಲು ನಾವೂ ಬೆಚ್ಚಿದೆವು. ಮಕ್ಕಳಿಗೆ ಸಾವನ್ನು ಕಲಿಸುವುದೇ ಎಂದುಕೊಂಡೆವು. ಆಮೇಲೆ ಅವರ ಮೂವತ್ತು ವರ್ಷಗಳ ದುಡಿಮೆಯ ಬೆಳಕಿನಲ್ಲಿ ಆ ಮಾತನ್ನು ಮತ್ತೆ ನೋಡಿದೆವು. ಆ ಮಕ್ಕಳು ಸಾವನ್ನು ಬೀದಿಬೀದಿಯಲ್ಲಿ ಕಂಡಿದ್ದರು, ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು, ಸಾವು ಎದುರಿಗಿರುವಾಗಲೂ ಇಂದಿನ ದಿನ ತಮ್ಮದೆಂಬ ಅರಿವು. ಮಗುವಿನ ಇಂದನ್ನು ಕಸಿಯಬಾರದೆಂದು ಹೇಳುತ್ತ ಬಂದ ಗುರು, ನಾಳೆಯೇ ಇಲ್ಲವಾದಾಗಲೂ ಇಂದನ್ನು ಅವರ ಕೈಗೆ ಕೊಟ್ಟರು. ಪಾತ್ರ ಕೊಟ್ಟರು, ಮಾತು ಕೊಟ್ಟರು, ಪ್ರೇಕ್ಷಕರನ್ನು ಕರೆದು ಕೂರಿಸಿದರು. ಗೋಡೆಯ ಹೊರಗಿನವರ ಲೆಕ್ಕದಲ್ಲಿ ಅವರು ಒಂದು ಸಂಖ್ಯೆ. ಆ ಒಂದು ಗಂಟೆಯಲ್ಲಿ ಒಬ್ಬ ಅಮಲ, ಒಬ್ಬಳು ಸುಧೆ, ಒಬ್ಬ ಕಾವಲುಗಾರ. ಮನುಷ್ಯನನ್ನು ಮನುಷ್ಯನೆಂದು ಕಾಣುವುದೇ ಭರವಸೆ, ಫಲ ಬಂದರೂ ಬಾರದಿದ್ದರೂ. ನಾವು ತಲುಪಿದ ಉತ್ತರ ಇದು.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕು. ನಾವು ಗಡಿನಾಡಿನವರು. 1956ರ ರಾಜ್ಯ ಪುನರ್ವಿಂಗಡಣೆಯ ಮೇಲೆ ಈ ನೆಲ ಕೇರಳಕ್ಕೆ ಸೇರಿದಂದಿನಿಂದ ನಮ್ಮ ಭಾಷೆಯ ಬಗ್ಗೆ ನಮಗೊಂದು ಕೊರಗಿದೆ, ಈ ಸ್ಮರಣ ಸಂಚಿಕೆಯ ಬೇರೆ ಬರಹಗಳಲ್ಲಿ ಅದು ಬಂದೇ ಬರುತ್ತದೆ. ಆ ಕೊರಗನ್ನು ವಾರ್ಸಾದ ಕಥೆಯ ಪಕ್ಕದಲ್ಲಿಟ್ಟು ತೂಗುವುದನ್ನು ನಾವು ಒಪ್ಪುವುದಿಲ್ಲ. ನಮ್ಮ ಮಕ್ಕಳು ಬೆಳಗ್ಗೆ ಕನ್ನಡದಲ್ಲಿ ಪ್ರಾರ್ಥನೆ ಹೇಳಿ, ಮಧ್ಯಾಹ್ನ ಅನ್ನ ಉಂಡು, ಸಂಜೆ ತುಳುವಿನಲ್ಲೋ ಮಲಯಾಳದಲ್ಲೋ ಹರಟುತ್ತ ಮನೆಗೆ ಹೋಗುತ್ತಾರೆ. ಆ ಮಕ್ಕಳಿಗೆ ಇದು ಇರಲಿಲ್ಲ. ಅವರ ದುಃಖವನ್ನು ನಮ್ಮ ವಾದಕ್ಕೆ ಉಪಮೆಯಾಗಿ ಎರವಲು ತರುವುದು ಅವರಿಗೆ ಮಾಡುವ ಅನ್ಯಾಯ. ಅವರಿಂದ ನಾವು ಕಲಿಯಬೇಕಾದದ್ದು ಬೇರೆ: ಬಂಗಾಳಿಯಲ್ಲಿ ಹುಟ್ಟಿದ ಮಾತು ಪೋಲಿಷಿನಲ್ಲಿ ಯಹೂದಿ ಮಕ್ಕಳದಾಯಿತು, ಇಂದು ಕನ್ನಡದಲ್ಲಿ ನಮ್ಮದಾಗುತ್ತಿದೆ. ತನ್ನ ಭಾಷೆಯನ್ನು ಉಳಿಸಿಕೊಳ್ಳಬೇಕೆನ್ನುವ ಶಾಲೆ ಬೇರೆಯವರ ಮಾತಿಗೂ ಕಿಟಕಿಯನ್ನು ತೆರೆದಿಡಬೇಕು.

ಕೋರ್ಚಾಕರು ಗೆಟ್ಟೋದಲ್ಲಿ ಬರೆದ ದಿನಚರಿಯನ್ನು ಸ್ನೇಹಿತರು ಗೋಡೆಯೊಳಗೆ ಮುಚ್ಚಿಟ್ಟು ಉಳಿಸಿದರು. ಮಕ್ಕಳ ಹಕ್ಕುಗಳನ್ನು ಕುರಿತು ಅವರು ಹೇಳಿದ್ದ ವಿಚಾರಗಳು, ಪೋಲೆಂಡ್ ಮುಂದಾಗಿ ಪ್ರಸ್ತಾಪಿಸಿ ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಪ್ರೇರಣೆಯಾದವು. ಭಾರತ 1992ರಲ್ಲಿ ಅದನ್ನು ಒಪ್ಪಿತು. ಟ್ರೆಬ್ಲಿಂಕಾದಲ್ಲಿ ಇಂದು ಸುಮಾರು 17,000 ಕಲ್ಲುಗಳ ಸ್ಮಾರಕವಿದೆ. ಹಲವು ಕಲ್ಲುಗಳ ಮೇಲೆ ನಾಶವಾದ ಊರುಗಳ ಹೆಸರಿದೆ. ವ್ಯಕ್ತಿಯೊಬ್ಬರ ಹೆಸರಿರುವುದು ಒಂದೇ ಕಲ್ಲಿನ ಮೇಲೆ: ಯಾನುಷ್ ಕೋರ್ಚಾಕ್ ಮತ್ತು ಮಕ್ಕಳು. ಅವರ ಹೆಸರು ಅಲ್ಲಿಯೂ ಒಂಟಿಯಾಗಿಲ್ಲ.

ಆಕ್ಷೇಪಿಸಿದ ಹಿರಿಯರಿಗೆ ನಮ್ಮ ಉತ್ತರ ಇದು. ನೂರು ವರ್ಷಗಳ ಶಾಲೆ ಸಂಭ್ರಮಪಡಬೇಕಾದದ್ದು ಕಟ್ಟಡಕ್ಕಾಗಿ ಅಲ್ಲ, ಫಲಿತಾಂಶದ ಪಟ್ಟಿಗಾಗಿಯೂ ಅಲ್ಲ. ಇಲ್ಲಿ ಕುಳಿತ ಒಂದೊಂದು ಮಗುವಿಗೆ ಅದರ ಇಂದನ್ನು ಕೊಟ್ಟೆವೇ ಎಂದು ಕೇಳಿಕೊಳ್ಳುವುದಕ್ಕೆ ಈ ದಿನಕ್ಕಿಂತ ಒಳ್ಳೆಯ ದಿನವಿಲ್ಲ. ಪರೀಕ್ಷೆ ಹತ್ತಿರ ಬಂತೆಂದು ನಾಟಕದ ಅಭ್ಯಾಸವನ್ನು ನಿಲ್ಲಿಸಿದ ವರ್ಷಗಳು ನಮ್ಮಲ್ಲಿಯೂ ಇವೆ. ಮಾತು ತಡವರಿಸುತ್ತದೆಂದು ಒಂದು ಮಗುವಿಗೆ ಪಾತ್ರ ಕೊಡದೆ ತೆರೆ ಎಳೆಯಲು ನಿಲ್ಲಿಸಿದ್ದನ್ನೂ ನಾವು ಬಲ್ಲೆವು. ಹಸಿದ ಮಕ್ಕಳಿಗೂ ಪಾತ್ರ ಹಂಚಿದ ಒಬ್ಬ ಗುರುವಿನ ಮುಂದೆ ನಮ್ಮ ಈ ಲೆಕ್ಕ ತಪ್ಪುತ್ತದೆ. ಈ ಸಂಜೆಯ ನಾಟಕದಲ್ಲಿ ಪಾತ್ರ ಬೇಕೆಂದು ಕೇಳಿದ ಯಾವ ಮಗುವನ್ನೂ ನಾವು ಬಿಟ್ಟಿಲ್ಲ. ಆದ್ದರಿಂದ ಕಿಟಕಿಯ ಹೊರಗೆ ಆಡುವ ಹುಡುಗರ ಗುಂಪು ಮೂಲ ನಾಟಕದಲ್ಲಿ ಇರುವುದಕ್ಕಿಂತ ಬಹಳ ದೊಡ್ಡದಾಗಿದೆ. ದಯವಿಟ್ಟು ಮನ್ನಿಸಬೇಕು.

ಇನ್ನು, ಅಮಲನ ಪಾತ್ರದ ಹುಡುಗನಿಗೆ ನಾವು ಹೇಳಿದ್ದಿಷ್ಟು: ‘ಮಗೂ, ಕವಿ ಅದನ್ನು ನಿದ್ದೆಯೆಂದೇ ಬರೆದಿದ್ದಾರೆ. ನೀನೂ ನಿದ್ದೆಯೆಂದೇ ಆಡು. ಆದರೆ ಕಣ್ಣು ಮುಚ್ಚುವುದಕ್ಕೆ ಮೊದಲು ಕಿಟಕಿಯ ಹೊರಗೆ ಒಮ್ಮೆ ಚೆನ್ನಾಗಿ ನೋಡು.’ ಅವನು ಹೇಗೆ ನೋಡುತ್ತಾನೆಂಬುದನ್ನು ತಾವೇ ನೋಡಬೇಕು.

ಸಭಿಕರಲ್ಲಿ ನಮ್ಮದೊಂದು ವಿನಂತಿ. ಕೊನೆಯಲ್ಲಿ ಸುಧೆ ಹೂ ಹಿಡಿದು ಬಂದಾಗ ಒಂದು ಕ್ಷಣ ಚಪ್ಪಾಳೆಯನ್ನು ತಡೆಹಿಡಿಯಿರಿ. ಆ ಕ್ಷಣ ವಾರ್ಸಾದ ಆ ಮಕ್ಕಳಿಗೆ ಇರಲಿ. ನಾವೂ ಅವರನ್ನು ಮರೆತಿಲ್ಲ. ಆಮೇಲೆ ನಮ್ಮ ಮಕ್ಕಳಿಗೆ ಮನತುಂಬಿ ಚಪ್ಪಾಳೆ ಹೊಡೆಯಿರಿ.

ದೀಪಗಳನ್ನು ಆರಿಸುವ ಹೊತ್ತಾಯಿತು.